ಇಟಾಲಿಯನ್ ಪದ ಬಿಡಿಸುವುದು ಹೇಗೆ, ಒತ್ತುವುದು ಎಲ್ಲಿ?

ಪ್ರಶ್ನೆ: ಈ ವರ್ಷ ಎಂಜಿನಿಯರಿಂಗ್‌ನಲ್ಲಿ ಎಂ.ಎಸ್. ಓದಲು ಮಿಲಾನ್‌ಗೆ ಹೊರಟಿದ್ದೇನೆ. ಆರು ತಿಂಗಳಿಂದ ಇಟಾಲಿಯನ್ ಕಲಿಯುತ್ತಿದ್ದೇನೆ. ಅಕ್ಷರ ಕೂಡಿಸಿ ಓದಲು ಬರುತ್ತದೆ. ಆದರೆ ಪದವನ್ನು ಉಚ್ಚಾರಾಂಶಗಳಾಗಿ ಬಿಡಿಸಿ ಎಂದಾಗ ಎಡವುತ್ತೇನೆ. ‘ಪಾಸ್ತಾ’ವನ್ನು ಕನ್ನಡದ ಹಾಗೆ ಪಾ-ಸ್ತಾ ಎಂದು ಬಿಡಿಸಿದೆ, ಸರಿ ಎಂದರು. ಚೆಂಡು ಎಂಬರ್ಥದ ‘ಪಲ್ಲ’ವನ್ನೂ ಹಾಗೆಯೇ ಪ-ಲ್ಲ ಎಂದೆ, ತಪ್ಪು ಎಂದರು. ಇನ್ನು ಓದುವಾಗ ‘ತೆಲೆಫೋನೊ’ ಎಂದರೆ ‘ತೆಲೇಫೊನೊ’ ಎಂದು ತಿದ್ದುತ್ತಾರೆ. ಎಲ್ಲಿ ಒತ್ತಿ ಹೇಳಬೇಕು ಎಂದು ಪದ ನೋಡಿದ ಕೂಡಲೇ ತಿಳಿಯುವ ದಾರಿ ಇದೆಯೇ?
(ದಾವಣಗೆರೆಯಿಂದ ಒಬ್ಬ ಓದುಗರು)

ಉತ್ತರ: ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯೇ? ಷಟ್ಪದಿಯ ಸಾಲಿನ ಮೇಲೆ ಗುರುವಿಗೊಂದು ಅಡ್ಡಗೆರೆ, ಲಘುವಿಗೊಂದು ಬಟ್ಟಲಿನಂಥ ಗುರುತು ಹಾಕಿ, ಗಣ ವಿಂಗಡಿಸಿ, ಪರೀಕ್ಷೆ ಮುಗಿದ ಮೇಲೆ ಮರೆತುಬಿಟ್ಟ ಆ ಪಾಠವನ್ನು ಮತ್ತೆ ನೆನಪಿಗೆ ತಂದುಕೊಳ್ಳಿ. ನಿಮ್ಮ ಎರಡೂ ಪ್ರಶ್ನೆಗಳ ಬೀಗದ ಕೈ ಅಲ್ಲೇ ಇದೆ. ಕನ್ನಡದ ಮಕ್ಕಳಿಗೆ ಇಟಾಲಿಯನ್ ಹೇಳಿಕೊಡಲು ಶುರುಮಾಡಿದ ಮೊದಲ ಕೆಲವು ವರ್ಷ ನಾನೂ ಪಠ್ಯಪುಸ್ತಕದ ನಿಯಮಗಳನ್ನೇ ಒಂದೊಂದಾಗಿ ಒಪ್ಪಿಸುತ್ತಿದ್ದೆ. ಗುರು-ಲಘುವಿನ ದಾರಿ ಹಿಡಿದ ಮೇಲೆ ತರಗತಿಯಲ್ಲಿ ಅರ್ಧ ದಿನದಲ್ಲಿ ಆಗುವ ಕೆಲಸ ಮೊದಲು ಅರ್ಧ ತಿಂಗಳು ಹಿಡಿಯುತ್ತಿತ್ತು.

ಮೊದಲು ಬಿಡಿಸುವ ವಿಷಯ. ಉಚ್ಚಾರಾಂಶ ಎಂಬ ಉದ್ದ ಪದದ ಬದಲು ಇಲ್ಲಿ ‘ತುಂಡು’ ಎನ್ನುತ್ತೇನೆ. ಒತ್ತು ಎಂದಾಗಲೆಲ್ಲ ಒತ್ತಿ ಹೇಳುವುದು ಎಂದರ್ಥ, ಒತ್ತಕ್ಷರವಲ್ಲ.

ಕನ್ನಡದಲ್ಲಿ ನಾವು ಅಕ್ಷರ ಬಿಡಿಸುವುದು ಕಣ್ಣಿನಿಂದ. ‘ಅಮ್ಮ’ ಬರೆದರೆ ಅ ಒಂದು, ಮ್ಮ ಒಂದು. ಒತ್ತಕ್ಷರ ಯಾವುದರ ಕೆಳಗೆ ಕೂತಿದೆಯೋ ಅದರ ಜೊತೆಗೇ ಹೋಗುತ್ತದೆ. ಆದರೆ ಪ್ರಸ್ತಾರ ಹಾಕುವಾಗ ನಾವು ಕಣ್ಣನ್ನು ಬಿಟ್ಟು ಕಿವಿಯನ್ನು ನಂಬುತ್ತೇವೆ. ‘ಅಮ್ಮ’ದಲ್ಲಿ ಅ ಹ್ರಸ್ವವಾದರೂ ಅದನ್ನು ಗುರು ಎನ್ನುತ್ತೇವೆ. ಯಾಕೆ? ಮೊದಲ ಮ್ ಬಾಯಿ ಮುಚ್ಚಿಸುವುದು ಅ ಹೇಳಿದ ಕೂಡಲೇ. ಕಿವಿಗೆ ಅದು ಅಮ್-ಮ. ಇಟಾಲಿಯನ್ನರು ಬರೆವಣಿಗೆಯಲ್ಲೂ ಈ ಕಿವಿಯ ಲೆಕ್ಕವನ್ನೇ ಹಿಡಿಯುತ್ತಾರೆ. ಅವರ ಅಮ್ಮ ಮಮ್-ಮ. ನಿಮ್ಮ ಚೆಂಡು ಪಲ್-ಲ. ರಾತ್ರಿ ನೊತ್-ತೆ. ಸಜಾತೀಯ ಒತ್ತಕ್ಷರ ಬಂದಲ್ಲೆಲ್ಲ ಮಧ್ಯಕ್ಕೇ ಸೀಳಬೇಕು, ಇದಕ್ಕೆ ವಿನಾಯಿತಿ ಇಲ್ಲ. ನೀರು ಎಂಬರ್ಥದ ‘ಅಕ್ವ’ದಲ್ಲಿ ಸಿ ಮತ್ತು ಕ್ಯೂ ಎರಡು ಬೇರೆ ಅಕ್ಷರಗಳಾಗಿ ಕಂಡರೂ ದನಿ ಒಂದೇ, ಆದ್ದರಿಂದ ಅದೂ ಅಕ್-ಕ್ವ ಎಂದೇ ಒಡೆಯುತ್ತದೆ.

ಎರಡು ಬೇರೆ ಬೇರೆ ವ್ಯಂಜನ ಕೂಡಿದಾಗ ಒಂದು ಸಣ್ಣ ಪರೀಕ್ಷೆ ಮಾಡಿ. ಆ ಜೋಡಿಯಿಂದ ಇಟಾಲಿಯನ್ ಪದವೊಂದು ಶುರುವಾಗಬಲ್ಲುದೇ? ಆಗುವುದಾದರೆ ಜೋಡಿ ಒಡೆಯಬೇಡಿ. ಬ್ರಾವೊ ಎಂಬ ಪದ ಇದೆ, ಹಾಗಾಗಿ ಪುಸ್ತಕ ಎಂಬರ್ಥದ ಪದ ಲಿ-ಬ್ರೊ. ರಸ್ತೆಗೆ ಸ್ತ್ರಾದ ಎನ್ನುತ್ತಾರೆ, ಹಾಗಾಗಿ ಕಿಟಕಿ ಫಿ-ನೆ-ಸ್ತ್ರ. ಆದರೆ ಲ್ತ, ರ್ತ, ಂಪ ಎಂದು ಶುರುವಾಗುವ ಪದವೇ ಇಲ್ಲ. ಆದ್ದರಿಂದ ಎತ್ತರ ಎಂಬ ಪದ ಅಲ್-ತೊ, ಬಾಗಿಲು ಪೊರ್-ತ, ಹೊಲ ಕಂ-ಪೊ. ಮೂರು ವ್ಯಂಜನ ಒಟ್ಟಿಗೆ ಬಂದರೂ ಇದೇ ಪರೀಕ್ಷೆ: ಬೇರೆ ಎಂಬರ್ಥದ ಅಲ್-ತ್ರೊ, ಯಾವಾಗಲೂ ಎಂಬರ್ಥದ ಸೆಂ-ಪ್ರೆ. ಗ್ರೀಕ್, ಲ್ಯಾಟಿನ್‌ಗಳಿಂದ ಬಂದ ಕೆಲವು ಪಂಡಿತಪದಗಳು ಮಾತ್ರ ಈ ಪರೀಕ್ಷೆಗೆ ಜಗ್ಗುವುದಿಲ್ಲ. ಪ್ಸ ಎಂದು ಶುರುವಾಗುವ ಪದಗಳಿದ್ದರೂ ಕ್ಯಾಪ್ಸೂಲ್ ಅವರಲ್ಲಿ ಕಪ್-ಸು-ಲ.

ಈಗ ನಿಮ್ಮ ಅನುಭವಕ್ಕೆ ಕಾರಣ ಸಿಕ್ಕಿತಲ್ಲ? ಸ್ತ, ಸ್ಪ, ಬ್ರ, ತ್ರ, ಪ್ಲ ಇರುವಲ್ಲಿ ಕನ್ನಡದ ಅಕ್ಷರ ವಿಭಜನೆಯೂ ಇಟಾಲಿಯನ್ನಿನದೂ ಒಂದೇ. ಸೊನ್ನೆ ಇರುವಲ್ಲಿಯೂ ಒಂದೇ, ನಮ್ಮ ಸೊನ್ನೆ ಹಿಂದಿನ ಅಕ್ಷರಕ್ಕೇ ಅಂಟಿಕೊಂಡಿರುತ್ತದೆ. ಸಜಾತೀಯ ಒತ್ತಕ್ಷರ ಮತ್ತು ಲ, ರ ಮೊದಲು ಬರುವ ಜೋಡಿಗಳಲ್ಲಿ ಮಾತ್ರ ಎರಡೂ ಬೇರೆಯಾಗುತ್ತವೆ. ನೀವು ಎಚ್ಚರ ವಹಿಸಬೇಕಾದ್ದು ಅಲ್ಲಿ ಮಾತ್ರ.

ಎರಡು ಅಕ್ಷರ ಸೇರಿ ಒಂದೇ ದನಿಯಾಗುವ ಜೋಡಿಗಳನ್ನು ಒಡೆಯುವಂತಿಲ್ಲ. ಸಿ-ಎಚ್, ಜಿ-ಎಚ್ ಸೇರಿ ಕ, ಗ. ಜಿ-ಎನ್ ಸೇರಿ ಞ. ಎಸ್-ಸಿ ಮುಂದೆ ಇ ಅಥವಾ ಎ ಬಂದರೆ ಶ. ಆದರೆ ಎಸ್-ಸಿ-ಎಚ್ ಬಂದರೆ ಸ್ಕ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ನೋಡಿದ್ದೀರಾದರೆ ಅದರ ಗೋಡೆ, ಚಾವಣಿಗಳ ತುಂಬ ಚಿತ್ರ ಬರೆದ ಇಟಲಿಯ ಜೆಸ್ಯುಯಿಟ್ ಕಲಾವಿದರ ಹೆಸರು ಕೇಳಿರುತ್ತೀರಿ. ಅದನ್ನು ನಮ್ಮಲ್ಲಿ ಮೊಶೆನಿ, ಮೊಸ್ಚೆನಿ ಎಂದೆಲ್ಲ ಓದುತ್ತಾರೆ. ಅವರು ಅಂತೋನ್ಯೊ ಮೊಸ್ಕೇನಿ: ಮೊ-ಸ್ಕೇ-ನಿ, ಮೂರು ತುಂಡು. ಅವರ ಊರು ಬೆರ್ಗಮೊದ ಹತ್ತಿರ. ಅದನ್ನು ಬೆರ್ಗಾಮೊ ಎನ್ನಬಾರದು, ಒತ್ತು ಮೊದಲ ತುಂಡಿಗೆ. ಮಿಲಾನ್‌ನಿಂದ ಅಲ್ಲಿಗೆ ರೈಲಿನಲ್ಲಿ ಒಂದು ಗಂಟೆಯೂ ಹಿಡಿಯದು, ಹೋಗಿ ಬನ್ನಿ.

ಇನ್ನು ಸ್ವರಗಳು. ಅ, ಎ, ಒ ಗಟ್ಟಿ ಸ್ವರಗಳು. ಎರಡು ಗಟ್ಟಿ ಸ್ವರ ಎದುರುಬದುರಾದರೆ ಬೇರೆ ಬೇರೆ ತುಂಡು: ಕವಿ ಪೊ-ಎ-ತ, ಸಿಂಹ ಲೆ-ಒ-ನೆ. ‘ಚಾವ್’ ಎಂದು ನಾವು ಒಂದೇ ಉಸಿರಿಗೆ ಹೇಳುವ ಪದ ಕೂಡ ನಿಘಂಟಿನಲ್ಲಿ ಚಾ-ಒ, ಎರಡು ತುಂಡು. ಇ, ಉ ಮೆತ್ತನೆಯವು. ಒತ್ತು ಇಲ್ಲದಿದ್ದರೆ ಪಕ್ಕದ ಸ್ವರಕ್ಕೆ ಅಂಟಿಕೊಂಡು ಯ, ವಗಳಂತಾಗುತ್ತವೆ. ಪಾದ ಪ್ಯೇ-ದೆ, ಮನುಷ್ಯ ವೋ-ಮೊ. ನೀವು ತರಗತಿಗೆ ಹೋಗಿ ಕೂರುವ ಕೊಠಡಿ ಔ-ಲ, ಎರಡೇ ತುಂಡು. ನಮ್ಮ ವರ್ಣಮಾಲೆಯ ಔ ಅಲ್ಲಿ ಹಾಗೇ ಕೂರುತ್ತದೆ. ಆದರೆ ಒತ್ತು ಇ, ಉಗಳ ಮೇಲೆಯೇ ಬಿದ್ದರೆ ಅವು ಸ್ವತಂತ್ರ. ಹೆದರಿಕೆ ಪ-ಊ-ರ, ಟ್ರಂಕು ಬ-ಊ-ಲೆ, ಔಷಧದಂಗಡಿ ಫರ್-ಮ-ಚೀ-ಅ. ಔಲ ಮತ್ತು ಬಊಲೆಗಳನ್ನು ಅಕ್ಕಪಕ್ಕ ಇಟ್ಟು ನಾಲ್ಕು ಸಲ ಹೇಳಿ ನೋಡಿ. ಅಕ್ಷರಗಳು ಅವೇ, ಒತ್ತು ಬೇರೆ, ಬಿಡಿಸುವ ರೀತಿಯೂ ಬೇರೆ.

ಇಲ್ಲೇ ಇನ್ನೊಂದು ಎಚ್ಚರ. ಸಿ, ಜಿ ಆದ ಮೇಲೆ ಬರುವ ಇ ಅಕ್ಷರ ಎಷ್ಟೋ ಸಲ ಸ್ವರವೇ ಅಲ್ಲ. ಕ ಅಲ್ಲ ಚ, ಗ ಅಲ್ಲ ಜ ಎಂದು ಸೂಚಿಸಲು ನಿಲ್ಲಿಸಿದ ಗುರುತು ಮಾತ್ರ. ಆದ್ದರಿಂದ ಜೊ-ವನ್-ನಿ ಮೂರು ತುಂಡು. ನಮ್ಮ ಪತ್ರಿಕೆಗಳು ಬರೆಯುವ ‘ಜಿಯೋವಾನಿ’ಯಲ್ಲಿ ಇಲ್ಲದ ಒಂದು ತುಂಡು ಹೆಚ್ಚಾಗಿ ಸೇರಿ, ಇರಬೇಕಾದ ನ್ನ ಮಾಯವಾಗಿದೆ.

ಬಿಡಿಸುವುದು ಇಷ್ಟು. ಸಾಲಿನ ಕೊನೆಯಲ್ಲಿ ಪದ ಮುರಿಯುವಾಗ ಒಂಟಿ ಸ್ವರವನ್ನು ಹಿಂದೆ ಬಿಡಬಾರದು ಎಂಬಂಥ ಶಿಷ್ಟಾಚಾರಗಳಿವೆ. ಈಗ ಆ ಕೆಲಸ ಕಂಪ್ಯೂಟರ್ ಮಾಡುತ್ತದೆ, ನೀವು ತಲೆ ಕೆಡಿಸಿಕೊಳ್ಳಬೇಡಿ. ನಿಮಗೆ ತುಂಡು ಬೇಕಿರುವುದು ಒತ್ತಿಗಾಗಿ.

ಒತ್ತಿನ ಮಾತಿಗೆ ಬರೋಣ. ಕನ್ನಡದಲ್ಲಿ ಒತ್ತು ಜಾಗ ಬದಲಿಸಿ ಅರ್ಥ ಬದಲಿಸುವ ಪದವೇ ಇಲ್ಲ. ನಮಗೆ ಅರ್ಥ ಬದಲಿಸುವುದು ಹ್ರಸ್ವ-ದೀರ್ಘ ಮತ್ತು ಒತ್ತಕ್ಷರ: ಕಡು, ಕಾಡು, ಮನ, ಮಾನ, ಹಳಿ, ಹಳ್ಳಿ. ಇಟಾಲಿಯನ್ನರಿಗೆ ಬರೆವಣಿಗೆಯಲ್ಲಿ ಹ್ರಸ್ವ-ದೀರ್ಘ ಎಂಬುದೇ ಇಲ್ಲ. ಆದರೆ ಬಾಯಲ್ಲಿ ಇದೆ! ಮನೆ ಎಂಬ ಅವರ ಪದವನ್ನು ಇಟಲಿಯವರ ಬಾಯಿಂದ ಕೇಳಿ, ಅದು ‘ಕಸ’ ಅಲ್ಲ, ‘ಕಾಸ’. ಡಬ್ಬ, ಪೆಟ್ಟಿಗೆ ಎಂಬರ್ಥದ ಪದ ‘ಕಸ್ಸ’. ಸಲಿಕೆ ಪಾಲ, ಚೆಂಡು ಪಲ್ಲ. ಒಂಬತ್ತನೆಯವನು ನೋನೊ, ಅಜ್ಜ ನೊನ್ನೊ. ಬಾಯಾರಿಕೆ ಸೇತೆ, ಏಳು ಸೆತ್ತೆ.

ಈ ಜೋಡಿಗಳನ್ನು ಗಮನವಿಟ್ಟು ನೋಡಿ. ಒತ್ತು ಎಲ್ಲದರಲ್ಲೂ ಮೊದಲ ತುಂಡಿನ ಮೇಲಿದೆ. ಆ ತುಂಡು ವ್ಯಂಜನದಿಂದ ಮುಚ್ಚಿದ್ದರೆ ಸ್ವರ ಹ್ರಸ್ವ. ಮುಚ್ಚದೆ ತೆರೆದಿದ್ದರೆ ಸ್ವರ ತಾನಾಗಿಯೇ ದೀರ್ಘವಾಗುತ್ತದೆ. ಎಂದರೆ ಏನಾಯಿತು? ಎರಡೂ ಬಗೆಯಲ್ಲಿ ಅದು ಗುರು! ನಾನು ಹೇಳಹೊರಟದ್ದು ಈ ಒಂದು ಮಾತನ್ನೇ: ಇಟಾಲಿಯನ್ನಿನಲ್ಲಿ ಒತ್ತು ಬಿದ್ದ ತುಂಡು ಗುರುವಾಗಿಯೇ ತೀರಬೇಕು. ಇಂಗ್ಲಿಷಿನವರಂತೆ ದನಿ ಎತ್ತರಿಸಿ ಗುದ್ದಲು ಹೋಗಬೇಡಿ. ಒತ್ತಿರುವ ತುಂಡನ್ನು ಕನ್ನಡದ ಗುರುವಿನಂತೆ ಹೇಳಿ, ಒತ್ತಿಲ್ಲದ ಸ್ವರಗಳನ್ನೆಲ್ಲ ಹ್ರಸ್ವವಾಗಿ, ಆದರೆ ನುಂಗದೆ ಪೂರ್ತಿಯಾಗಿ ಹೇಳಿ. ಕೇಳುವ ಇಟಾಲಿಯನ್ ಕಿವಿಗೆ ಒತ್ತು ಸರಿಯಾದ ಜಾಗದಲ್ಲಿ ಬಿದ್ದಿರುತ್ತದೆ. ಸ್ವರ ನುಂಗದಿರುವುದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸ, ಇಂಗ್ಲಿಷ್ ಬಲ್ಲೆವೆಂದು ಅದನ್ನು ಕಳೆದುಕೊಳ್ಳಬಾರದು.

ಕನ್ನಡದವರು ಮಾಡುವ ತಪ್ಪು ಸಾಮಾನ್ಯವಾಗಿ ಪದದ ಬಾಲದಲ್ಲಿ. ನಾವು ಪಾಸ್ತಾ, ಪಿಜ್ಜಾ, ರೋಮಾ ಎಂದು ಕೊನೆಯ ಸ್ವರ ಎಳೆಯುತ್ತೇವೆ. ಇಟಾಲಿಯನ್ನಿನಲ್ಲಿ ಪದದ ಕೊನೆಯ ಸ್ವರ ಎಂದೂ ದೀರ್ಘವಲ್ಲ. ಅವರದು ರೋಮ. ಪಾಸ್ತಾ ಎನ್ನುವಾಗ ನಮ್ಮ ಎರಡು ದೀರ್ಘಗಳೂ ತಪ್ಪು, ಅವರದು ‘ಪಸ್ತ’, ನಮ್ಮ ‘ಮಸ್ತು’ವಿನ ತೂಕದಲ್ಲಿ. ನೀವು ಕೇಳಬಹುದು: ಬಿಡಿಸುವಾಗ ಪ-ಸ್ತ ಎಂದಿರಿ, ಹಾಗಾದರೆ ಪ ತೆರೆದ ತುಂಡು, ದೀರ್ಘವಾಗಬೇಕಿತ್ತಲ್ಲ? ಸರಿಯಾದ ಪ್ರಶ್ನೆ. ಇಲ್ಲಿ ಮಾತ್ರ ಅವರ ಬರೆವಣಿಗೆಗೂ ಕಿವಿಗೂ ಹೊಂದಿಕೆ ಇಲ್ಲ. ಬರೆವ ನಿಯಮ ಸ್‌ ಅನ್ನು ಮುಂದಕ್ಕೆ ಕಳಿಸುತ್ತದೆ, ಬಾಯಿ ಅದನ್ನು ಹಿಂದಿನ ತುಂಡಿನಲ್ಲೇ ಉಳಿಸಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಪ-ಸ್ತ ಎಂದು ಬರೆಯಿರಿ, ಒತ್ತು ಹುಡುಕುವಾಗ ಪಸ್-ತ ಎಂದು ಎಣಿಸಿ. ಞ, ಶ ಮತ್ತು ಜಿ-ಎಲ್ ಸೇರಿ ಆಗುವ ಲ್ಯದಂಥ ದನಿ ಕೂಡ ಹೀಗೆಯೇ. ಎರಡು ಸ್ವರಗಳ ನಡುವೆ ಅವು ಬರೆವಣಿಗೆಯಲ್ಲಿ ಒಂಟಿ, ಬಾಯಲ್ಲಿ ಜೋಡಿ. ಬಚ್ಚಲುಮನೆ ಬರೆವಾಗ ಬ-ಞೊ, ಹೇಳುವಾಗ ಬಞ್ಞೊ.

ಈಗ ಒತ್ತು ಯಾವ ತುಂಡಿಗೆ ಎಂಬುದು. ಇಟಾಲಿಯನ್ ವ್ಯಾಕರಣ ಪದಗಳಿಗೆ ಚೆಂದದ ಹೆಸರಿಟ್ಟಿದೆ. ಒತ್ತು ಕೊನೆಯ ತುಂಡಿನಲ್ಲಿದ್ದರೆ ‘ತ್ರೊಂಕ’, ಕಡಿದ ಪದ. ಕೊನೆಯದರ ಹಿಂದಿನದರಲ್ಲಿದ್ದರೆ ‘ಪ್ಯಾನ’, ಸಮತಟ್ಟಾದ ಪದ. ಕೊನೆಯಿಂದ ಮೂರನೆಯದರಲ್ಲಿದ್ದರೆ ‘ಸ್ದ್ರುಚ್ಚೊಲ’, ಜಾರುವ ಪದ. ಹೇಳಿ ನೋಡಿ: ತಾವೊಲೊ, ಮೇಜು. ಒತ್ತು ಆದ ಮೇಲೆ ನಾಲಿಗೆ ನಿಜಕ್ಕೂ ಎರಡು ತುಂಡು ಜಾರಿಕೊಂಡು ಹೋಗುತ್ತದೆ. ನಿಮ್ಮನ್ನು ಕಾಡಿದ ತೆಲೇಫೊನೊ ಕೂಡ ಜಾರುವ ಪದವೇ. ಇಂಥ ಪದಗಳಲ್ಲಿ ದೀರ್ಘ ಪ್ಯಾನಗಳಲ್ಲಿರುವಷ್ಟು ಎಳೆತವಲ್ಲ, ತುಸು ಕಮ್ಮಿ.

ಕಡಿದ ಪದಗಳು ಸುಲಭ, ಯಾಕೆಂದರೆ ಅವುಗಳ ತಲೆಯ ಮೇಲೆ ಗುರುತು ಹಾಕುವುದು ಕಡ್ಡಾಯ. ನಗರ ಎಂಬ ‘ಚಿತ್ತ’, ಕಾಫಿ ಎಂಬ ‘ಕಫ್ಫೆ’, ಯಾಕೆ ಎಂಬ ‘ಪೆರ್ಕೆ’ ಮೂರಕ್ಕೂ ಕೊನೆಯ ಸ್ವರದ ಮೇಲೆ ಓರೆಗೆರೆ ಇರುತ್ತದೆ. ಗೆರೆ ಎಡದಿಂದ ಬಲಕ್ಕೆ ಇಳಿದರೆ ಎ ಬಾಯಿ ಅಗಲಿಸಿ ಹೇಳುವಂಥದ್ದು, ಕಫ್ಫೆಯಲ್ಲಿ ಹಾಗೆ. ಏರಿದರೆ ಬಾಯಿ ಕಿರಿದು ಮಾಡಿ, ಪೆರ್ಕೆಯಲ್ಲಿ ಹಾಗೆ. ಬೇರೆಡೆ ಒತ್ತು ಇರುವ ಪದಗಳ ಮೇಲೆ ಗುರುತು ಹಾಕುವ ವಾಡಿಕೆ ಇಲ್ಲ. ಹಾಗಾಗಿ ಗುರುತಿಲ್ಲದ ಪದ ಕಂಡರೆ ಒಂದಂತೂ ಖಾತ್ರಿ: ಕೊನೆಯ ತುಂಡಿನ ಮೇಲೆ ಒತ್ತಿಲ್ಲ.

ಉಳಿದದ್ದು ಸಮವೋ ಜಾರುವುದೋ ಎಂಬ ಪ್ರಶ್ನೆ. ಮತ್ತೆ ಪ್ರಸ್ತಾರಕ್ಕೆ ಬನ್ನಿ. ಕೊನೆಯದರ ಹಿಂದಿನ ತುಂಡು ವ್ಯಂಜನದಿಂದ ಮುಚ್ಚಿದ್ದರೆ, ಎಂದರೆ ನೋಡಿದ ಕೂಡಲೇ ಗುರು ಎಂದು ಕಂಡರೆ, ಒತ್ತು ಅಲ್ಲಿಯೇ. ಸ್ಪ-ಗೆತ್-ತಿ, ಫೊರ್-ಮಜ್-ಜೊ, ಇಂ-ಪೊರ್-ತಂ-ತೆ, ಫಿ-ನೆಸ್-ತ್ರ. ಇಂಪೊರ್ತಂತೆಯಲ್ಲಿ ಇಂ, ಪೊರ್ ಕೂಡ ಗುರುಗಳೇ. ಗುರುವೆಲ್ಲ ಒತ್ತಲ್ಲ, ಒತ್ತೆಲ್ಲ ಗುರು. ನೋಡಬೇಕಾದ್ದು ಕೊನೆಯದರ ಹಿಂದಿನದನ್ನು ಮಾತ್ರ.

ವ್ಯಂಜನದ ಜೊತೆ ರ ಕೂಡಿದಲ್ಲಿ ಮಾತ್ರ ನಮ್ಮ ಛಂದಸ್ಸನ್ನು ಪೂರಾ ನಂಬಬೇಡಿ. ಎಂಜಿನಿಯರಿಂಗ್ ಓದುವ ನಿಮಗೆ ಬೀಜಗಣಿತ ಬೇಕೇ ಬೇಕು: ಅಲ್-ಜೆ-ಬ್ರ. ಕನ್ನಡದ ಲೆಕ್ಕದಲ್ಲಿ ಬ್ರ ಮುಂದೆ ಬಂದ ಜೆ ಗುರು, ಇಟಾಲಿಯನ್ನಿಗೆ ಅದು ಲಘು. ಒತ್ತು ಅಲ್ ಮೇಲೆ. ಹಳಗನ್ನಡ ವ್ಯಾಕರಣಕಾರರು ಶಿಥಿಲದ್ವಿತ್ವ ಎಂದು ಹೇಳುವಲ್ಲಿ ಒತ್ತಕ್ಷರ ಸಡಿಲವಾಗಿ ಹಿಂದಿನದು ಲಘುವಾಗಿಯೇ ಉಳಿಯುತ್ತದಲ್ಲ, ಇಲ್ಲಿಯೂ ಕಿವಿಗೆ ಅಂಥದೇ ಒಂದು ಸಡಿಲ ಕೇಳಿಸುತ್ತದೆ.

ಈ ನಿಯಮ ಎಲ್ಲಿಂದ ಬಂತು ಎಂದು ತಿಳಿದರೆ ಮುಂದಿನದು ಸಲೀಸು. ಲ್ಯಾಟಿನ್ನಿನಲ್ಲಿ ಕನ್ನಡದ ಹಾಗೆಯೇ ಹ್ರಸ್ವ-ದೀರ್ಘಗಳ ವ್ಯತ್ಯಾಸವಿತ್ತು. ಅಲ್ಲಿ ಒತ್ತು ಗುರು-ಲಘುವಿನ ಲೆಕ್ಕದಲ್ಲೇ ಬೀಳುತ್ತಿತ್ತು: ಕೊನೆಯದರ ಹಿಂದಿನದು ಗುರುವಾದರೆ ಅದಕ್ಕೆ, ಲಘುವಾದರೆ ಅದಕ್ಕೂ ಹಿಂದಿನದಕ್ಕೆ. ಕಾಲ ಸರಿದಂತೆ ಆ ಹಳೆಯ ಹ್ರಸ್ವ-ದೀರ್ಘ ಅಳಿಸಿಹೋಯಿತು, ಒತ್ತು ಮಾತ್ರ ತನ್ನ ಜಾಗ ಬಿಡಲಿಲ್ಲ. ಸ್ನೇಹಿತ ಎಂಬ ಲ್ಯಾಟಿನ್ ಪದ ಅಮೀಕುಸ್, ಅದರಲ್ಲಿ ಮೀ ದೀರ್ಘ, ಆದ್ದರಿಂದ ಇಂದಿಗೂ ಅಮೀಕೊ. ವೈದ್ಯ ಎಂಬ ಪದ ಮೆದಿಕುಸ್, ದಿ ಹ್ರಸ್ವ, ಆದ್ದರಿಂದ ಇಂದು ಮೇದಿಕೊ. ಬರೆವಣಿಗೆಯಲ್ಲಿ ಎರಡರ ಬಾಲವೂ ಒಂದೇ. -ಎರೆ ಎಂದು ಕೊನೆಯಾಗುವ ಕ್ರಿಯಾಪದಗಳಲ್ಲೂ ಇದೇ ಕತೆ. ನೋಡು ಎಂಬ ವೆದೇರೆಯಲ್ಲಿ ಒತ್ತು ದೇಗೆ, ಲ್ಯಾಟಿನ್ನಿನಲ್ಲೂ ಅದು ದೀರ್ಘವಿತ್ತು. ಓದು ಎಂಬ ಲೆಜ್ಜೆರೆ, ಬರೆ ಎಂಬ ಸ್ಕ್ರೀವೆರೆಗಳಲ್ಲಿ ಒತ್ತು ಮೊದಲ ತುಂಡಿಗೆ, ಅಲ್ಲಿ ಲ್ಯಾಟಿನ್ನಿನ ಎ ಹ್ರಸ್ವ. ಕಡಿದ ಪದಗಳ ಕತೆಯೂ ಇಲ್ಲೇ ಬಿಚ್ಚಿಕೊಳ್ಳುತ್ತದೆ. ಚಿತ್ತ ಹಿಂದೆ ‘ಚಿತ್ತಾದೆ’ ಆಗಿತ್ತು. ಬಾಲ ಕಡಿದುಹೋಯಿತು, ಒತ್ತು ಇದ್ದಲ್ಲೇ ಉಳಿಯಿತು. ಹಾಗೆ ಅದು ಕಡಿದ ಪದ.

ಹಾಗಾದರೆ ಕೊನೆಯದರ ಹಿಂದಿನ ತುಂಡು ತೆರೆದಿದ್ದಾಗ ಲ್ಯಾಟಿನ್ ಬಾರದ ನಾವು ಏನು ಮಾಡಬೇಕು? ಗೊತ್ತಿಲ್ಲದಾಗ ಸಮಪದ ಎಂದೇ ಊಹಿಸಿ, ಇಟಾಲಿಯನ್ ಪದಗಳಲ್ಲಿ ಬಹುಪಾಲು ಅವೇ. ಆಮೇಲೆ ಬಾಲಗಳನ್ನು ಗುರುತಿಟ್ಟುಕೊಳ್ಳಿ. -ಈನೊ, -ಓಸೊ, -ಆನೊ, -ತ್ಸ್ಯೋನೆ ಬಾಲಗಳು ಒತ್ತನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತವೆ: ಕಪ್ಪುಚ್ಚೀನೊ, ಫಮೋಸೊ, ಇಟಲ್ಯಾನೊ, ಸ್ತತ್ಸ್ಯೋನೆ. -ಆಬಿಲೆ, -ಈಬಿಲೆ, -ಇಸ್ಸಿಮೊ, -ಏವೊಲೆ, -ಊದಿನೆ ಬಾಲಗಳಿದ್ದರೆ ಪದ ಜಾರುತ್ತದೆ: ಪೊಸ್ಸೀಬಿಲೆ, ಬೆಲ್ಲಿಸ್ಸಿಮೊ, ಅಬಿತೂದಿನೆ. ಶಾಸ್ತ್ರಗಳ ಹೆಸರುಗಳಲ್ಲಿ ಬರುವ -ಇಕ ಬಹುತೇಕ ಜಾರುವುದೇ: ಫೀಸಿಕ, ಕೀಮಿಕ, ಮತೆಮಾತಿಕ, ಮೆಕ್ಕಾನಿಕ. ನಿಮ್ಮ ವಿಶ್ವವಿದ್ಯಾಲಯ 1863ರಲ್ಲಿ ಶುರುವಾದ ಪೊಲಿತೆಕ್ನಿಕೊ ಆಗಿದ್ದರೆ ಅದರ ಒತ್ತು ತೆಕ್ ಮೇಲೆ. ಆದರೆ ಸ್ನೇಹಿತ ಅಮೀಕೊ, ಇರುವೆ ಫೊರ್ಮೀಕ, ದಣಿವು ಫತೀಕ. ನಿತ್ಯದ ಪದಗಳೇ ಹೀಗೆ ನಿಯಮ ಮೀರುತ್ತವೆ. ನಿತ್ಯ ಬಳಸುವುದರಿಂದಲೇ ಅವು ಬೇಗ ಬಾಯಿಗೂ ಹತ್ತುತ್ತವೆ.

ಊರ ಹೆಸರುಗಳಿಗೆ ನಿಯಮ ಹೇಳುವ ಧೈರ್ಯ ನನಗಿಲ್ಲ, ಒಂದೊಂದನ್ನೂ ಕೇಳಿಯೇ ಕಲಿಯಬೇಕು. ಮಿಲಾನೊ, ವೆರೋನ ಸಮಪದಗಳು. ನಾಪೊಲಿ, ಜೇನೊವ, ಪಾದೊವ, ಮೋದೆನ, ರೀಮಿನಿ ಜಾರುವವು. ಮೊದಲ ಸಲ ದಕ್ಷಿಣ ಇಟಲಿಗೆ ಹೊರಟಾಗ ರೈಲು ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ನಾನು ‘ತರಂತೊ’ ಎಂದು ಕೇಳಿದೆ. ರಂ ಮುಚ್ಚಿದ ತುಂಡು, ನಿಯಮದ ಪ್ರಕಾರ ಒತ್ತು ಅದಕ್ಕೇ ಎಂದು ಖಾತ್ರಿಯಿಂದ ಒತ್ತಿ ಹೇಳಿದೆ. ಒಳಗಿದ್ದ ಹೆಂಗಸಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ, ಮತ್ತೂ ಜೋರಾಗಿ ಒತ್ತಿ. ಕೊನೆಗೆ ಚೀಟಿಯಲ್ಲಿ ಬರೆದು ಗಾಜಿನ ಕೆಳಗೆ ತಳ್ಳಿದೆ. ಆಕೆ ಓದಿ, ‘ಆ, ತಾರಂತೊ!’ ಎಂದು ಮುಖ ಅರಳಿಸಿದರು. ಮುಚ್ಚಿದ ತುಂಡಿನ ನಿಯಮಕ್ಕೆ ಇರುವ ಬೆರಳೆಣಿಕೆಯ ಅಪವಾದಗಳಲ್ಲಿ ಆ ಊರೂ ಒಂದು, ಅದೇ ಸೀಮೆಯ ಓತ್ರಂತೊ ಇನ್ನೊಂದು, ಬಾದಾಮಿ ಎಂಬ ಮಂದೊರ್ಲ ಮತ್ತೊಂದು. ಆಕೆಗೆ ಅಕ್ಷರವೆಲ್ಲ ಸರಿಯಾಗಿಯೇ ಕೇಳಿಸಿತ್ತು. ಒತ್ತು ಬೇರೆಯಾದ ಕಾರಣ ಅದು ಅವರ ಪಾಲಿಗೆ ಬೇರೆಯೇ ಪದ, ಇಲ್ಲದ ಊರು. ಅಂದಿನಿಂದ ಒತ್ತನ್ನು ನಾನು ಉಚ್ಚಾರದ ಅಲಂಕಾರ ಎಂದು ಎಣಿಸುವುದನ್ನು ಬಿಟ್ಟೆ. ಅದು ಪದದ ಒಂದು ಅಕ್ಷರವೇ.

ಅಕ್ಷರವೇ ಎಂಬುದಕ್ಕೆ ಒಂದು ಪದ ಸಾಕು. ಸಿ-ಎ-ಪಿ-ಐ-ಟಿ-ಎ-ಎನ್-ಒ ಎಂಬ ಎಂಟು ಅಕ್ಷರ. ‘ಕಾಪಿತನೊ’ ಎಂದರೆ ‘ನಡೆಯುತ್ತವೆ, ಒದಗುತ್ತವೆ’. ‘ಕಪಿತಾನೊ’ ಎಂದರೆ ನಾಯಕ, ಕ್ಯಾಪ್ಟನ್. ಕೊನೆಯ ಒ ಮೇಲೆ ಗುರುತು ಹಾಕಿ ಅಲ್ಲಿ ಒತ್ತಿದರೆ ‘ನಾಯಕತ್ವ ವಹಿಸಿದನು’. ಮೊದಲನೆಯದರಲ್ಲಿ ಒತ್ತು ಕೊನೆಯಿಂದ ನಾಲ್ಕನೆಯ ತುಂಡಿನಲ್ಲಿದೆ, ಜಾರುವುದಕ್ಕಿಂತ ಹೆಚ್ಚು ಜಾರುವ ಪದ. ಇಂಥವು ಹೆಚ್ಚಾಗಿ ಕ್ರಿಯಾಪದಗಳಲ್ಲಿ. ‘ವಾಸಿಸುತ್ತೇನೆ’ ಆಬಿತೊ, ‘ವಾಸಿಸುತ್ತಾರೆ’ ಆಬಿತನೊ. ಏಕವಚನದ ಒತ್ತು ಎಲ್ಲಿತ್ತೋ ಬಹುವಚನದಲ್ಲೂ ಅಲ್ಲೇ, ಬಾಲ ಮಾತ್ರ ಉದ್ದ. ಕನ್ನಡದವರು ತಪ್ಪದೆ ‘ಅಬಿತಾನೊ’ ಎನ್ನುತ್ತಾರೆ, ಇದೊಂದನ್ನು ತಿದ್ದಿಕೊಂಡರೆ ನಿಮ್ಮ ಮಾತಿನ ಹದವೇ ಬದಲಾಗುತ್ತದೆ. ಬಾಲಕ್ಕೆ ಸರ್ವನಾಮ ಅಂಟಿದಾಗಲೂ ಒತ್ತು ಕದಲುವುದಿಲ್ಲ: ‘ಫೋನ್ ಮಾಡು’ ತೆಲೇಫೊನ, ‘ನನಗೆ ಫೋನ್ ಮಾಡು’ ತೆಲೇಫೊನಮಿ.

ಒಂದು ತಕರಾರು ಉಳಿಯಿತು. ಒತ್ತು ಬಿದ್ದದ್ದು ಗುರುವಾಗಲೇಬೇಕು ಎಂದೆ, ಪದದ ಕೊನೆಯ ಸ್ವರ ಎಂದೂ ದೀರ್ಘವಲ್ಲ ಎಂದೂ ಹೇಳಿದೆ. ಹಾಗಾದರೆ ಚಿತ್ತದ ಕೊನೆಯ ತುಂಡು? ಇದಕ್ಕೆ ಆ ಭಾಷೆ ಕಂಡುಕೊಂಡ ಉಪಾಯ ನನಗೆ ಇಂದಿಗೂ ಸೋಜಿಗ. ರೋಮ್, ಫ್ಲಾರೆನ್ಸ್ ಕಡೆಯವರು ‘ಸುಂದರ ನಗರ’ ಎನ್ನುವಾಗ ‘ಚಿತ್ತ ಬೆಲ್ಲ’ ಎನ್ನುವುದಿಲ್ಲ, ‘ಚಿತ್ತಬ್ಬೆಲ್ಲ’ ಎನ್ನುತ್ತಾರೆ. ಮುಂದಿನ ಪದದ ವ್ಯಂಜನವನ್ನು ಇಮ್ಮಡಿಸಿ, ಅದರ ಅರ್ಧ ಎಳೆದುಕೊಂಡು, ಕೊನೆಯ ತುಂಡು ಗುರುವಾಗುತ್ತದೆ. ಈ ಇಮ್ಮಡಿ ಕೆಲವು ಕಡೆ ಬರೆವಣಿಗೆಗೂ ಇಳಿದಿದೆ: ‘ನಿಜವಾಗಿ’ ಎಂಬ ದವ್ವೇರೊ ಮೂಲದಲ್ಲಿ ದ, ವೇರೊ ಎಂಬ ಎರಡು ಪದ. ನೀವು ಹೋಗುವ ಮಿಲಾನ್ ಉತ್ತರದ್ದು, ಅಲ್ಲಿ ಈ ಇಮ್ಮಡಿ ಇಲ್ಲ. ಕಲಿಯಬೇಕಾಗಿಲ್ಲ, ರೋಮ್‌ನವರ ಬಾಯಲ್ಲಿ ಕೇಳಿದಾಗ ಗಾಬರಿಯಾಗದಿದ್ದರೆ ಸಾಕು.

ಇಷ್ಟಾದರೂ ಅನುಮಾನ ಬರುವ ಪದಗಳು ಇದ್ದೇ ಇರುತ್ತವೆ, ಇಟಲಿಯವರಿಗೂ ಬರುತ್ತವೆ. ಅಂಕಣ ಎಂಬರ್ಥದ ‘ರುಬ್ರೀಕ’ವನ್ನು ಎಷ್ಟೋ ಜನ ‘ರೂಬ್ರಿಕ’ ಎನ್ನುತ್ತಾರೆ, ‘ಫ್ರಿಯೂಲಿ’ ಪ್ರಾಂತ್ಯವನ್ನು ‘ಫ್ರೀಯುಲಿ’ ಎನ್ನುತ್ತಾರೆ. ಅವರ ಸಾರ್ವಜನಿಕ ಪ್ರಸಾರ ಸಂಸ್ಥೆ ‘ರಾಯ್’ ಉಚ್ಚಾರಕ್ಕೆಂದೇ ಒಂದು ನಿಘಂಟು ಇಟ್ಟಿದೆ, ಅಂತರ್ಜಾಲದಲ್ಲಿ ಉಚಿತ. ಹೊಸ ಪದ ಕಲಿಯುವಾಗ ಅದರಲ್ಲಿ ಒಮ್ಮೆ ನೋಡಿ, ನೋಟುಪುಸ್ತಕದಲ್ಲಿ ಪಕ್ಕಕ್ಕೆ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ದೀರ್ಘವನ್ನೂ ದ್ವಿತ್ವವನ್ನೂ ಕಣ್ಣಿಗೆ ಹೊಡೆಯುವಂತೆ ತೋರಿಸುವ ಲಿಪಿ ನಮ್ಮದು. ತಾವೊಲೊ, ತೆಲೇಫೊನೊ ಎಂದು ಬರೆದರೆ ಒತ್ತಿನ ಗುರುತು ಬೇರೆ ಬೇಕಿಲ್ಲ. ಮುಚ್ಚಿದ ತುಂಡುಗಳಲ್ಲಿ ಅನುಮಾನ ಬಂದರೆ ಆ ತುಂಡಿನ ಕೆಳಗೆ ಗೆರೆ ಎಳೆಯಿರಿ, ಅಷ್ಟೇ.

ಮಿಲಾನ್‌ಗೆ ಇಳಿದ ಮೊದಲ ವಾರ ಮೆಟ್ರೊದ ಹಸಿರು ಮಾರ್ಗದಲ್ಲಿ ಕೂತು ನಿಲ್ದಾಣಗಳ ಹೆಸರನ್ನು ಮೊದಲು ನೀವೇ ಬಿಡಿಸಿ, ಆಮೇಲೆ ಧ್ವನಿವರ್ಧಕ ಹೇಳುವುದಕ್ಕೆ ಕಿವಿಗೊಡಿ. ಲಂ-ಬ್ರಾ-ತೆ. ಪ್ಯೋ-ಲ, ಎರಡೇ ತುಂಡು, ಪಿ-ಯೊ-ಲ ಅಲ್ಲ. ಲೊ-ರೇ-ತೊ. ಚೆನ್-ತ್ರಾ-ಲೆ. ಕ-ದೊರ್-ನ, ಇಲ್ಲಿ ದೊರ್ ಮುಚ್ಚಿದೆ, ಒತ್ತು ಎಲ್ಲಿ ಎಂದು ಈಗ ನಿಮಗೇ ಗೊತ್ತು.